ಬೇಸ್ ಬಾಕ್ಸ್ ಶಶಿಧರ್ ಗೋಡೆ ಮುಟ್ಟಿ ನೋಡುತ್ತಾರೆ

ಬೆಳಗಿನ ಜಾವ. ಬನ್ನೇರುಘಟ್ಟ ರಸ್ತೆಯಲ್ಲಿ ಹಾಲಿನ ವ್ಯಾನುಗಳ ಓಡಾಟ ಈಗಷ್ಟೇ ಶುರುವಾಗಿದೆ. ಹುಳಿಮಾವು ಕೆರೆಯ ಹಿಂದಿನ ಓಣಿಯೊಂದರಲ್ಲಿ, ತಗಡಿನ ಶೆಡ್ಡಿನೊಳಗೆ, ಶಶಿಧರ್ ಊದುಬತ್ತಿ ಹಚ್ಚಿಕೊಂಡು ಮಂಡಿಯೂರಿ ಕೂತಿದ್ದಾರೆ. ನೋಡಿದವರು ಪೂಜೆ ಎಂದುಕೊಳ್ಳಬೇಕು. ಎದುರಿಗಿರುವುದು ಮಾತ್ರ ದೇವರಲ್ಲ, ಬೀರುವಿನಷ್ಟು ದೊಡ್ಡ ಕಪ್ಪು ಮರದ ಡಬ್ಬ. ಅದರೊಳಗಿಂದ ಬರುತ್ತಿರುವ ಗುಂಯ್ ಎನ್ನುವ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಹಲಗೆಗೆ ಹಲಗೆ ಕೂಡುವ ಸಂದಿಯ ಉದ್ದಕ್ಕೂ ಶಶಿಧರ್ ಊದುಬತ್ತಿಯನ್ನು ನಿಧಾನವಾಗಿ ಸರಿಸುತ್ತಾ ಹೋಗುತ್ತಾರೆ. ಹೊಗೆ ನೆಟ್ಟಗೆ ಮೇಲೇರಿದರೆ ಸರಿ. ಎಲ್ಲಾದರೂ ತೊನೆದಾಡಿತೋ, ಅಲ್ಲಿ ಗಾಳಿ ಸೋರುತ್ತಿದೆ ಎಂದು ಅರ್ಥ. ಅಲ್ಲಿಗೊಂದು ಸೀಮೆಸುಣ್ಣದ ಗುರುತು ಬೀಳುತ್ತದೆ.

"ಈ ಹೊತ್ನಲ್ಲಿ ಟ್ರಾಫಿಕ್ ಗಲಾಟೆ ಇರಲ್ಲ ಸಾರ್, ಎಲ್ಲಿ ಸೋರ್ತಿದೆ ಅಂತ ಚೆನ್ನಾಗ್ ಗೊತ್ತಾಗುತ್ತೆ. ಆದ್ರೆ ಅಕ್ಕಪಕ್ಕ ಜನ ಮಲ್ಗಿರ್ತಾರಲ್ಲ, ಅದೊಂದು ಭಯ. ಅದಕ್ಕೆ ಇಷ್ಟೇ ಇಷ್ಟು ಇಟ್ಕೋತೀನಿ" ಎನ್ನುತ್ತಾ ಅವರು ಸದ್ದನ್ನು ಇನ್ನೂ ಒಂದು ಗೆರೆ ಇಳಿಸುತ್ತಾರೆ. ಆಮೇಲೆ ಎದ್ದು ಹೋಗಿ, ಶೆಡ್ಡಿಗೂ ಪಕ್ಕದ ಮನೆಗೂ ನಡುವಿನ ಕಾಂಪೌಂಡ್ ಗೋಡೆಯ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಭಯ ಎನ್ನುವ ಮಾತು ಈ ಮನುಷ್ಯನ ಬಾಯಲ್ಲಿ ಉಪ್ಪಿನಕಾಯಿಯಂತೆ ಎಲ್ಲದರ ಜತೆಗೂ ಬರುತ್ತದೆ. ನಗರದ ದಕ್ಷಿಣ ಭಾಗದಲ್ಲಿ ಅಣ್ಣಮ್ಮ ದೇವಿಯ ಉತ್ಸವ, ಗಣೇಶನ ಆರ್ಕೆಸ್ಟ್ರಾ, ರಾಜ್ಯೋತ್ಸವದ ವೇದಿಕೆ ಎಲ್ಲೇ ಇರಲಿ, ಎದೆಗೆ ಬಂದು ಗುದ್ದುವ ಆ ಕೆಳದನಿ ಶಶಿಧರ್ ಡಬ್ಬದ್ದೇ ಆಗಿರುವ ಸಾಧ್ಯತೆ ಹೆಚ್ಚು. ಕುಣಿಯುವ ಹುಡುಗರಿಗೆ ಹಾಡುಗಾರನ ಹೆಸರು ಗೊತ್ತು, ಸ್ಪೀಕರ್ ಬಾಡಿಗೆಗೆ ಕೊಡುವ ಸೌಂಡ್ಸ್ ಅಂಗಡಿಯ ಹೆಸರೂ ಗೊತ್ತು. ಡಬ್ಬ ಕಟ್ಟಿದವರ ಹೆಸರು ಗೊತ್ತಿಲ್ಲ. ಅದು ಗೊತ್ತಾಗದಿದ್ದರೇ ಒಳ್ಳೆಯದು ಎಂದುಕೊಂಡು ಬದುಕುವ ಕುಶಲಕರ್ಮಿ ಬಹುಶಃ ಇವರೊಬ್ಬರೇ.

ಶಶಿಧರ್ ಅವರದು ಹುಳಿಮಾವಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಡಾವಣೆ ಎದ್ದಿತು. ಉಳಿದ ತುಂಡು ನೆಲದಲ್ಲಿ ಅಪ್ಪ ಮೂರು ಬಾಡಿಗೆ ಮನೆ ಕಟ್ಟಿಸಿದರು. ಮಗ ಬಾಡಿಗೆ ವಸೂಲಿ ಮಾಡಿಕೊಂಡು ಆರಾಮಾಗಿ ಇರಲಿ ಎಂಬುದು ಮನೆಯವರ ಲೆಕ್ಕಾಚಾರ. ಮಗನಿಗೆ ಆರ್ಕೆಸ್ಟ್ರಾ ಲಾರಿಯ ಹುಚ್ಚು. ಸ್ಪೀಕರ್ ಇಳಿಸುವುದು, ಏರಿಸುವುದು, ವೈರು ಸುತ್ತುವುದು. "ಭೂಮಿ ಇದ್ದೋರ ಮನೇಲಿ ಹುಟ್ಟಿ ಹಮಾಲಿ ಮಾಡ್ತಾನೆ ಅಂತ ನಮ್ ಚಿಕ್ಕಪ್ಪ ಎರಡು ವರ್ಷ ಮಾತೇ ಆಡ್ಸಿರ್ಲಿಲ್ಲ" ಎಂದು ಈಗ ನಗುತ್ತಾರೆ. ಹೊತ್ತು ಹೊತ್ತು ಸೊಂಟ ಹಿಡಿದುಕೊಂಡ ಮೇಲೆ, ಹೊರುವುದಕ್ಕಿಂತ ಕಟ್ಟುವುದೇ ವಾಸಿ ಎನಿಸಿತು. ಮರಗೆಲಸ ಕಲಿತರು. ಗರಗಸದ ಬ್ಲೇಡು ಎಡಗೈ ತೋರುಬೆರಳಿನ ತುದಿಯನ್ನು ಕಾಣಿಕೆ ತೆಗೆದುಕೊಂಡಿತು. ಈಗ ವಯಸ್ಸು ಐವತ್ತರ ಹತ್ತಿರ. ತಿಂಗಳಿಗೆ ನಾಲ್ಕು ಡಬ್ಬ ಹೊರಬಿದ್ದರೆ ಹೆಚ್ಚು. ಒಂದೊಂದಕ್ಕೂ ಒಂದು ವಾರದ ಬೆವರು ಬೇಕು.

ಮಾಮೂಲಿ ಬೇಸ್ ಡಬ್ಬದಲ್ಲಿ ಸ್ಪೀಕರ್ ಎದುರಿಗೇ ಕಾಣುತ್ತದೆ. ಶಶಿಧರ್ ಕಟ್ಟುವ ಹಾರ್ನ್ ಡಬ್ಬದಲ್ಲಿ ಅದು ಒಳಗೆಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ಅದರ ಮುಂದೆ ಕಿರಿದಾಗಿ ಹೊರಟು ಅಗಲವಾಗುತ್ತಾ ಹೋಗುವ ಒಂದು ದಾರಿ. ನಮ್ಮ ಕೊಂಬು ಕಹಳೆಯ ಸೂತ್ರವೇ. ಆ ದಾರಿಯನ್ನು ನೆಟ್ಟಗೆ ಬಿಟ್ಟರೆ ರಸ್ತೆಗೆ ಅಡ್ಡ ಬರುವಷ್ಟು ಉದ್ದ ಆಗುತ್ತದೆ. ಹಾಗಾಗಿ ಪ್ಲೈವುಡ್ ಹಲಗೆಗಳಿಂದ ಡಬ್ಬದೊಳಗೇ ಮಡಚಿ ಮಡಚಿ ಇಡುತ್ತಾರೆ. ಸಣ್ಣ ಗಾಳಿ ಆ ದಾರಿಯಲ್ಲಿ ಬೆಳೆದು ದೊಡ್ಡದಾಗಿ ಬಾಯಿಂದ ಹೊರಬೀಳುತ್ತದೆ.

ಒಳಗೆ ಕೂರುವ ಸ್ಪೀಕರ್ ಆರಿಸುವುದಕ್ಕೆ ಅವರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದರೆ ಅಂಗಡಿಯವರು ನಿಟ್ಟುಸಿರು ಬಿಡುತ್ತಾರಂತೆ. ಒಂದೊಂದನ್ನೂ ಎತ್ತಿ ಮ್ಯಾಗ್ನೆಟ್ಟಿನ ತೂಕ ನೋಡುತ್ತಾರೆ. ಸ್ಪೀಕರಿನ ಕಾಗದದ ಕೋನಿನ ಮೇಲೆ ಎರಡೂ ಅಂಗೈ ಸಮನಾಗಿಟ್ಟು ಮೆಲ್ಲಗೆ ಒತ್ತಿ, ಒಳಗೆ ತಂತಿಯ ಸುರುಳಿ ಎಲ್ಲಾದರೂ ಉಜ್ಜುತ್ತಿದೆಯೇ ಎಂದು ಕಿವಿಗೊಡುತ್ತಾರೆ. "ಸ್ಟಿಕ್ಕರ್ ಮೇಲೆ ಬರ್ದಿರೋ ವ್ಯಾಟ್ ನಂಬ್ಕೊಂಡ್ರೆ ಕೆಟ್ವಿ. ಹಾರ್ನ್ ಒಳಗೆ ಗಾಳಿ ಸ್ಪೀಕರನ್ನ ವಾಪಸ್ ತಳ್ಳುತ್ತೆ ಸಾರ್. ಕೋನು ಮೆತ್ತಗಿದ್ರೆ ಒಂದೇ ಪ್ರೋಗ್ರಾಮ್‌ಗೆ ಹರ್ಕೊಂಡ್ ಹೋಗುತ್ತೆ. ಗಟ್ಟಿ ಕೋನು, ತೂಕದ ಮ್ಯಾಗ್ನೆಟ್ಟು, ಇವೆರಡು ಇರ್ಬೇಕು" ಎನ್ನುತ್ತಾರೆ. ಹತ್ತು ನೋಡಿ ಒಂದನ್ನು ಒಪ್ಪಿದರೆ ಆ ದಿನ ಹಬ್ಬ. "ಹೆಣ್ಣು ನೋಡೋಕ್ ಬಂದಂಗ್ ಆಡ್ತೀರಲ್ಲ ಸಾರ್" ಎಂದು ಒಬ್ಬ ಅಂಗಡಿಯವ ಛೇಡಿಸಿದನಂತೆ. ಹೆಂಡತಿ ಜಯಾ ಅಡುಗೆಮನೆಯಿಂದಲೇ ಮಾತು ಸೇರಿಸುತ್ತಾರೆ: "ನನ್ನ ನೋಡೋಕ್ ಬಂದಾಗ ಇಷ್ಟ್ ಹೊತ್ತು ತಗೊಂಡಿರ್ಲಿಲ್ಲ."

ಹಾಗಾದರೆ ಭಯ ಎಲ್ಲಿಂದ ಹತ್ತಿಕೊಂಡಿತು?

ಕೆಲವು ವರ್ಷಗಳ ಹಿಂದಿನ ಮಾತು. ಬನಶಂಕರಿಯ ಮೈದಾನವೊಂದರಲ್ಲಿ ರಾಜ್ಯೋತ್ಸವ ಕಾರ್ಯಕ್ರಮ. ಸಂಘದವರು ಡಬ್ಬದ ಮುಂದೆಯೇ ನಿಂತು, ಬೇಸ್ ಸಾಲದು, ಇನ್ನೂ ಕೊಡಿ ಎಂದರು. ಪಕ್ಕದಲ್ಲೇ ಇದ್ದ ಶಶಿಧರ್‌ಗೂ ಸಾಲದು ಎನಿಸಿತು. ಏರಿಸಿದರು, ಮತ್ತೆ ಏರಿಸಿದರು. ಮರುದಿನ ನಾಲ್ಕು ಬೀದಿ ಆಚೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಟೇಬಲ್ಲಿನವರು ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿತ್ತು. ನಿನ್ನೆ ಸಂಜೆ ಭೂಕಂಪ ಆಯಿತು, ಕಿಟಕಿಯ ಗಾಜೆಲ್ಲ ನಡುಗಿತು, ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಓಡಿ ಬಂದೆವು ಎಂದು. ಹಾಡು ಅಷ್ಟು ದೂರ ಕೇಳಿಸಿರಲಿಲ್ಲ. ನಡುಕ ಮಾತ್ರ ಹೋಗಿತ್ತು. ಹಾರ್ನ್ ಡಬ್ಬದ ಗುಣವೇ ಅದು: ಬುಡದಲ್ಲಿ ನಿಂತವರಿಗೆ ಸಪ್ಪೆ, ದೂರದವರಿಗೆ ಹೊಡೆತ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದಿಲ್ಲವೇ, ಹಾಗೆ.

"ಕಾಫಿ ಅರ್ಧಕ್ಕೇ ಬಿಟ್ಟು ಎದ್ ಬಂದ್ಬಿಟ್ಟೆ ಸಾರ್. ಯಾರೂ ನನ್ನ ಬೈಲಿಲ್ಲ. ಯಾರ್ಗೂ ಗೊತ್ತೇ ಆಗ್ಲಿಲ್ಲ. ಗೊತ್ತಾಗಿ ಬೈದಿದ್ರೆ ವಾಸಿಯಾಗಿರೋದು" ಎನ್ನುತ್ತಾರೆ. ಅಂದಿನಿಂದ ಅವರದೊಂದು ರೂಢಿ. ಡಬ್ಬ ಜೋಡಿಸಿದ ಮೇಲೆ ಅವರು ವೇದಿಕೆಯ ಬಳಿ ನಿಲ್ಲುವುದಿಲ್ಲ. ಸೌಂಡ್ಸ್ ಅಂಗಡಿಯ ನಂದಕುಮಾರ್ ಅವರನ್ನು ಸದ್ದು ಏರಿಳಿಸುವ ಮಿಕ್ಸರ್ ಮುಂದೆ ಕೂರಿಸಿ, ಫೋನ್ ಕಿವಿಗಿಟ್ಟುಕೊಂಡು, ಸುತ್ತಲ ಬೀದಿಗಳಲ್ಲಿ ನಡೆಯುತ್ತಾರೆ. ಗೇಟು, ಗೋಡೆ, ಕಿಟಕಿಯ ಸರಳು ಮುಟ್ಟಿ ಮುಟ್ಟಿ ನೋಡುತ್ತಾರೆ. ಕಳ್ಳನೋ ಹುಚ್ಚನೋ ಎಂದು ಎಷ್ಟೋ ಸಲ ಜನ ಗದರಿದ್ದುಂಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಇದೆ. ಶಶಿಧರ್ ಕುಂಬಳಕಾಯಿ ಕಳುವಾಗುವ ಮೊದಲೇ ಮುಟ್ಟಿ ನೋಡಿಕೊಳ್ಳುವ ಜಾತಿ.

ಕಳೆದ ವರ್ಷ ಗೊಟ್ಟಿಗೆರೆಯಲ್ಲಿ ಅಣ್ಣಮ್ಮನನ್ನು ಕೂರಿಸಿದಾಗ ನಡೆದದ್ದು ಈ ರೂಢಿಯಿಂದಲೇ.

ಉತ್ಸವ ಸಮಿತಿಯ ಅಧ್ಯಕ್ಷ ಬೋರಣ್ಣ ಆ ಸಲ ಹೊಸದಾಗಿ ಕಟ್ಟಿದ ಎಂಟು ಡಬ್ಬ ಬೇಕು ಎಂದಿದ್ದರು. ಕತ್ರಿಗುಪ್ಪೆಯಿಂದ ನಂದಕುಮಾರ್ ಲಾರಿ ಬಂತು. ಗುರುವಾರ ಸಂಜೆ ಒಂದಿಷ್ಟು ಹೊತ್ತು, ಶುಕ್ರವಾರ ಸಂಜೆ ಒಂದಿಷ್ಟು ಹೊತ್ತು ಡಬ್ಬ ನುಡಿಸಿ ನೋಡಿದರು. ಶನಿವಾರ ಸಂಜೆಗೆ ಆರ್ಕೆಸ್ಟ್ರಾ. ಮಧ್ಯಾಹ್ನ ಊಟ ಮುಗಿಸಿ ಶಶಿಧರ್ ಎಂದಿನಂತೆ ಗೋಡೆ ಮುಟ್ಟಲು ಹೊರಟರು.

ಹಳೇ ಊರಿನ ಕಡೆಯ ಓಣಿ. ಅಲ್ಲೊಂದು ಹೆಂಚಿನ ಮನೆ. ಅದರ ಬೆನ್ನಿಗೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆಂದು ತೋಡಿದ ಆಳವಾದ ಗುಂಡಿ. ಹಬ್ಬದ ರಜೆ, ಗುಂಡಿಯಲ್ಲಿ ಕೆಲಸದವರು ಯಾರೂ ಇಲ್ಲ. ಮನೆಯ ಮುಂದೆ, ರಸ್ತೆಯಲ್ಲೇ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೈರಮ್ಮ ಎನ್ನುವ ವೃದ್ಧೆ ಕೂತಿದ್ದರು. ಕಾಲ ಬಳಿ ನೀರಿನ ಚೊಂಬು, ತೊಡೆಯ ಮೇಲೆ ಮಡಚಿದ ಕಂಬಳಿ. ಬಿಸಿಲು ನೆತ್ತಿ ಸುಡುತ್ತಿತ್ತು.

"ಯಾಕಮ್ಮ, ಬಿಸಿಲಲ್ಲಿ ಕೂತಿದೀರಾ?"

"ಮನೆ ನಡುಗ್ತೈತೆ ಕಣಪ್ಪಾ. ಎರಡು ದಿನಾತು. ಆ ಗುಂಡಿ ನಮ್ಮನೇನ ಎಳ್ಕಂತೈತೆ. ಹೇಳಿದ್ರೆ ಯಾರೂ ನಂಬಾಕಿಲ್ಲ."

ಒಳಗಿನಿಂದ ಸೊಸೆ ಬಿಂದುಶ್ರೀ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದರು. "ಅತ್ತೆಗೆ ವಯಸ್ಸಾಯ್ತು ಅಂಕಲ್. ಅವ್ರ ಕೈ ನಡುಗುತ್ತೆ, ಮನೆ ನಡುಗ್ತಿದೆ ಅಂತಾರೆ. ನೀವಾದ್ರೂ ಹೇಳಿ, ಒಳಗ್ ಬರ್ಲಿ."

ಎರಡು ದಿನ ಎಂದ ಕೂಡಲೇ ಶಶಿಧರ್ ಬೆರಳು ಮಡಚಿ ಎಣಿಸಿದರು. ಗುರುವಾರ, ಶುಕ್ರವಾರ. ಲೆಕ್ಕ ಸರಿಯಾಗಿತ್ತು. ಒಂದು ಮುದಿಜೀವ ಎರಡು ದಿನ ಬೀದಿಯಲ್ಲಿ ಕೂತಿದೆ, ಅದಕ್ಕೆ ಕಾರಣ ತಾನು ಎಂದು ಅವರಿಗೆ ಖಾತ್ರಿಯಾಗಿಹೋಯಿತು. ಬೈರಮ್ಮನಿಗೆ ಕೈಮುಗಿದು, ಒಂದು ನಿಮಿಷ ಒಳಗೆ ಬರಲಾ ಎಂದು ಬಿಂದುಶ್ರೀಯನ್ನು ಕೇಳಿ, ಒಳಹೊಕ್ಕರು. ಬೈರಮ್ಮ ಎದ್ದು ಬಾಗಿಲವರೆಗೆ ಬಂದರು. ಗೋಡೆಗೂಡಿನಲ್ಲಿ ಸ್ಟೀಲ್ ತಟ್ಟೆಗಳನ್ನು ಒಂದಕ್ಕೊಂದು ಒರಗಿಸಿ ಇಟ್ಟಿದ್ದರು. ಫೋನಿನಲ್ಲಿ ನಂದಕುಮಾರ್‌ಗೆ ಹೇಳಿದರು: ಕೆಳಗಿನ ಸ್ವರ ಒಂದೇ ಒಂದು ಬಿಡು. ತಟ್ಟೆಗಳು ಜಿರ್ರೆಂದು ಮಿಡಿದವು. ನಿಲ್ಲಿಸು ಎಂದರು. ತಟ್ಟೆಗಳು ಸುಮ್ಮನಾದವು.

"ನೋಡಿದ್ರಾ ಅಮ್ಮ? ನಂದೇ ಇದು. ಗುಂಡಿನೂ ಇಲ್ಲ, ಏನೂ ಇಲ್ಲ. ನನ್ ಸ್ಪೀಕರ್ ಡಬ್ಬ ಮಾಡಿದ್ ಕೆಲ್ಸ. ಸಂಜೆ ಕಮ್ಮಿ ಇಟ್ಕೋತೀನಿ. ಒಳಗ್ ಬನ್ನಿ."

ಬೈರಮ್ಮ ಅನುಮಾನಿಸಿದರು. ಬಾಗಿಲಲ್ಲೇ ನಿಂತು ತಟ್ಟೆಗಳನ್ನೇ ನೋಡಿದರು. ಶಶಿಧರ್ ಕೈ ಹಿಡಿದು ಒಳಗೆ ಕರೆತಂದು ಮಂಚದ ಮೇಲೆ ಕೂರಿಸಿದರು. ಬಿಂದುಶ್ರೀ ಕೂಸನ್ನು ತೊಟ್ಟಿಲಿಗೆ ಹಾಕಿ, ಕಾಫಿಗೆ ನೀರಿಡಲು ಹಿಂದಿನ ಅಡುಗೆಮನೆಗೆ ಹೋದರು. ಎಲ್ಲರ ಮನಸ್ಸೂ ಹಗುರಾಯಿತು.

ಅಷ್ಟರಲ್ಲಿ ತಟ್ಟೆಗಳು ಮತ್ತೆ ಮಿಡಿದವು.

ಶಶಿಧರ್‌ಗೆ ರೇಗಿತು. ಫೋನಿನಲ್ಲಿ ಗದರಿದರು: "ಯಾಕೋ ಮತ್ ಹಾಕ್ದೆ? ನಿಲ್ಸು ಅಂದಿದ್ನಲ್ಲ."

"ಏನೂ ಹಾಕಿಲ್ಲ ಶಶಿಯಣ್ಣ" ಎಂದರು ಆ ಕಡೆಯಿಂದ ನಂದಕುಮಾರ್. "ಆಗ್ಲೇ ಎಲ್ಲಾ ಆಫ್ ಮಾಡ್ದೆ. ಟೀ ಕುಡೀತಾ ಇದೀನಿ."

ಆ ಗಳಿಗೆಯನ್ನು ಹೇಳುವಾಗ ಶಶಿಧರ್ ಈಗಲೂ ಪಕ್ಕದ ಗೋಡೆಗೆ ಅಂಗೈ ಊರುತ್ತಾರೆ. "ಗೋಡೆ ಮೇಲೆ ಕೈ ಇಟ್ಟೆ ಸಾರ್. ನನ್ ಡಬ್ಬದ ನಡುಕ ನಂಗೊತ್ತು, ಒಂದೇ ಸಮ ಬರುತ್ತೆ. ಇದು ಹಂಗಿರ್ಲಿಲ್ಲ. ಬಿಟ್ಟು ಬಿಟ್ಟು ಬರ್ತಿತ್ತು. ಒಳಗೇನೋ ಜಾರ್ತಾ ಇದೆ ಅನ್ನೋ ಥರ. ಅಜ್ಜಿ ಹೇಳಿದ್ದು ನಿಜ ಇತ್ತು. ನಾನೇ ಕೈ ಹಿಡ್ದು ಒಳಗ್ ಕರ್ಕೊಂಡ್ ಬಂದಿದ್ದೆ."

ತೊಟ್ಟಿಲಿನಿಂದ ಕೂಸನ್ನು ಬಾಚಿಕೊಂಡು ಅವರು ಬೈರಮ್ಮನನ್ನು ರಟ್ಟೆ ಹಿಡಿದು ಎಬ್ಬಿಸಿದರು. ಅಡುಗೆಮನೆಯಲ್ಲಿದ್ದ ಬಿಂದುಶ್ರೀಗೆ ಕೂಗಿ ಹೇಳಿದರೆ, ಹಾಲು ಉಕ್ಕುತ್ತೆ ಅಂಕಲ್, ಒಂದು ನಿಮಿಷ ಎಂಬ ಉತ್ತರ ಬಂತು. ಏನು ಹೇಳಿದರೆ ಬೇಗ ಬರುತ್ತಾರೆಂದು ಅವರಿಗೆ ಹೊಳೆಯಲಿಲ್ಲ. ಕೂಸಿಗೆ ಉಸಿರಾಡಕ್ಕೆ ಆಗ್ತಿಲ್ಲ ಎಂದು ಸುಳ್ಳು ಕೂಗಿದರು. ಬಿಂದುಶ್ರೀ ಒಲೆ ಬಿಟ್ಟು ಓಡಿ ಬಂದರು. ನಾಲ್ವರೂ ರಸ್ತೆಯ ಆಚೆ ಬದಿ ಸೇರಿದರು.

ಏನೂ ಆಗಲಿಲ್ಲ. ಮನೆ ನಿಂತೇ ಇತ್ತು. ಕೂಸು ನಗುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಬಿಂದುಶ್ರೀ ಕೆಂಡವಾದರು. "ತಲೆ ಕೆಟ್ಟಿದ್ಯಾ ನಿಮ್ಗೆ? ಒಲೆ ಮೇಲೆ ಹಾಲಿದೆ" ಎಂದು ಹೊರಟವರ ಸೆರಗನ್ನು ಬೈರಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲೇ ಇಲ್ಲ. ಅತ್ತೆ ಸೊಸೆ ಜಗ್ಗಾಡುತ್ತಿರುವಾಗಲೇ ಮನೆಯ ಹಿಂಭಾಗದ ಹೆಂಚುಗಳು ಒಂದರ ಹಿಂದೆ ಒಂದು ಕೆಳಗಿಳಿದವು. ಅಡುಗೆಮನೆ ಮಣ್ಣಿನ ಸಮೇತ ಗುಂಡಿಗೆ ಹೋಯಿತು. ಮುಂಬಾಗಿಲು, ಅದರ ತೋರಣ, ಹಾಗೇ ನಿಂತಿದ್ದವು.

ಸಂಜೆ ಆರ್ಕೆಸ್ಟ್ರಾ ನಡೆಯಿತು, ತಾಯಿಯನ್ನು ಕೂರಿಸಿದ ಮೇಲೆ ನಿಲ್ಲಿಸುವ ಹಾಗಿಲ್ಲ ಎಂದರು ಬೋರಣ್ಣ. ಆದರೆ ಎಂಟು ಡಬ್ಬಗಳ ವೈರನ್ನೂ ಶಶಿಧರ್ ಕಿತ್ತಿಟ್ಟರು. ಬೇಸ್ ಇಲ್ಲದ ಹಾಡಿಗೆ ಹುಡುಗರು ಕೂಗಾಡಿದರು. ಮರುದಿನ ಗುಂಡಿ ತೋಡಿಸಿದವರ ಕಡೆಯವರು ಹೊಸ ರಾಗ ತೆಗೆದರು: ಮನೆ ಬಿದ್ದದ್ದು ನಮ್ಮ ಗುಂಡಿಯಿಂದಲ್ಲ, ಸೌಂಡ್ ಬಾಕ್ಸಿನಿಂದ ಎಂದು. ನೋಡಲು ಬಂದ ಎಂಜಿನಿಯರ್ ಗುಂಡಿಯ ಪಕ್ಕಕ್ಕೆ ತಡೆಗೋಡೆಯೇ ಇಲ್ಲ, ಮಣ್ಣು ದಿನವೂ ಜಾರುತ್ತಿತ್ತು, ಡಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. "ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ ಕಣೋ ಶಶಿ" ಎಂದು ಬೋರಣ್ಣ ಬೆನ್ನು ತಟ್ಟಿದರು.

ಶಶಿಧರ್‌ಗೆ ಸಮಾಧಾನವಾಗಿಲ್ಲ. "ಎಂಜಿನಿಯರ್ ಹೇಳಿದ್ದು ಸರಿನೇ ಇರ್ಬಹುದು. ಆದ್ರೆ ಎರಡು ಸಂಜೆ ನಾನೂ ಅಲ್ಲಾಡ್ಸಿದ್ದೀನಲ್ಲ? ಕೂತಿದ್ ಕಾಗೆಗೆ ತನ್ ತೂಕ ಗೊತ್ತಿರ್ಬೇಕಲ್ಲ ಸಾರ್?" ಎಂದು ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವುದು ಇನ್ನೊಂದು. ಕನಸಿನಲ್ಲಿ ಮನೆ ಬೀಳುವುದಿಲ್ಲವಂತೆ. ತಾನು ಬೈರಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿರುವುದಷ್ಟೇ ಕಾಣುತ್ತದಂತೆ. "ಹೆದ್ರಿಕೊಂಡೋರಿಗೆ ಹೆದ್ರಬೇಡಿ ಅನ್ನೋದು ಸುಲಭ. ಈಗ ಆ ಮಾತು ಹೇಳಕ್ಕೇ ಭಯ ಆಗುತ್ತೆ."

ಬೈರಮ್ಮನ ಸಂಸಾರ ಈಗ ಹುಳಿಮಾವಿನಲ್ಲಿದೆ, ಶಶಿಧರ್ ಅಪ್ಪ ಕಟ್ಟಿಸಿದ ಮೂರರಲ್ಲಿ ಒಂದು ಮನೆಯಲ್ಲಿ. ಅದು ಜಯಾ ಅವರ ತೀರ್ಮಾನ. "ಇವ್ರು ದಿನಾ ಗೊಟ್ಟಿಗೆರೆಗೆ ಹೋಗಿ ಅವ್ರನ್ನ ನೋಡ್ಕೊಂಡ್ ಬರೋದು, ರಾತ್ರಿ ನಿದ್ದೆ ಇಲ್ದೆ ಹೊರಳಾಡೋದು. ಇಲ್ಲೇ ಇದ್ರೆ ಇವ್ರಿಗೂ ಒಂದ್ ಚೂರು ನೆಮ್ಮದಿ ಅಂದ್ಕೊಂಡೆ" ಎನ್ನುತ್ತಾರೆ. ಬಿಂದುಶ್ರೀ ಆ ಸುಳ್ಳನ್ನು ಕ್ಷಮಿಸಿದ್ದಾರೆ, ಆದರೂ ಶಶಿಧರ್ ಕೂಸಿನ ವಿಷಯ ಏನು ಹೇಳಿದರೂ ಮೊದಲು ಕೂಸನ್ನು ನೋಡಿ ಆಮೇಲೆ ನಂಬುತ್ತಾರಂತೆ.

ಡಬ್ಬ ಕಟ್ಟುವುದನ್ನು ನಿಲ್ಲಿಸಿಬಿಡಬಹುದಿತ್ತಲ್ಲ ಎಂದರೆ ಶಶಿಧರ್ ತಲೆಯಾಡಿಸುತ್ತಾರೆ. ನಾನು ಬಿಟ್ಟರೆ ಇನ್ನೊಬ್ಬ ಕಟ್ಟುತ್ತಾನೆ, ಅವನು ಬೀದಿ ಸುತ್ತುತ್ತಾನೋ ಇಲ್ಲವೋ ಎನ್ನುವುದು ಅವರ ವಾದ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಸಂಕೋಚಪಡುತ್ತಾರೆ. "ಒಂದೇ ಒಂದ್ ಹಾಡು ಸಾರ್. ಪೂರ್ತಿ. ಎಲ್ಲಾರ್ ಥರ ಸ್ಟೇಜ್ ಮುಂದೆ ನಿಂತ್ಕೊಂಡು ಕೇಳ್ಬೇಕು. ಎಷ್ಟೋ ವರ್ಷ ಆಯ್ತು. ಪಲ್ಲವಿ ಶುರುವಾದಾಗ ಸ್ಟೇಜ್ ಹತ್ರ ಇರ್ತೀನಿ, ಚರಣಕ್ಕೆ ಬೀದಿ ಕೊನೇಲಿರ್ತೀನಿ."

ಮಧ್ಯಾಹ್ನ. ಶೆಡ್ಡಿನಲ್ಲಿ ಹೊಸ ಸ್ಪೀಕರ್ ಕೂತಿದೆ, ಶಶಿಧರ್ ಅದನ್ನು ಮೆಲ್ಲಗೆ ನುಡಿಸಿ ನೋಡುತ್ತಿದ್ದಾರೆ. ಓಣಿಯಲ್ಲಿ ಚಪ್ಪಲಿಯ ಸದ್ದು. ಬೈರಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ಇದು ನಿಂದೇಯಾ ಮಗಾ?"

"ನಂದೇ ಕಣಮ್ಮ."

"ಆರ್ಸಿ ಹೇಳು."

ಶಶಿಧರ್ ಸ್ವಿಚ್ ಆರಿಸುತ್ತಾರೆ. ಎದ್ದು ಬಂದು ಅವರ ಪಕ್ಕದಲ್ಲಿ ನಿಂತು ಗೋಡೆಗೆ ಅಂಗೈ ಒತ್ತುತ್ತಾರೆ. ಬೈರಮ್ಮನೂ ಒತ್ತುತ್ತಾರೆ. ಬೈರಮ್ಮ ತಲೆಯಾಡಿಸಿ ಕೈ ತೆಗೆಯುತ್ತಾರೆ. ಶಶಿಧರ್ ಇನ್ನೂ ಸ್ವಲ್ಪ ಹೊತ್ತು ತೆಗೆಯುವುದಿಲ್ಲ.